ಮೂರು ಬಟ್ಟಿನಷ್ಟು ನೀರು: ಸಂಡಾಸ ಬದಲಸೋ ಮುಂದ ತಿಳಕೋಬೇಕಾದ ಹಳೇ ಕತಿ

ಮನಿ ಕಟ್ಟಸೋ ಮುಂದ ದೇವರ ಮನಿ ಯಾವ ಮೂಲ್ಯಾಗ ಇರಬೇಕು, ಅಡಗಿ ಕಟ್ಟಿ ಎಷ್ಟ ಎತ್ತರ ಬೇಕು ಅಂತ ತಿಂಗಳಗಟ್ಟಲೇ ವಿಚಾರ ಮಾಡತೀವಿ. ಸಂಡಾಸಿನ ಮಾತು ಬಂತಂದ್ರ ಮಾತ್ರ "ಪ್ಲಂಬರ್ ನೋಡಕೋತಾನ ಬಿಡ್ರಿ" ಅಂದು ಮುಗಸತೀವಿ. ನಮ್ಮತ್ತಿಯವರ ಮೊಣಕಾಲ ಬ್ಯಾನಿ ಸಲುವಾಗಿ ನಾವು ಹಳೇ ಇಂಡಿಯನ್ ಪ್ಯಾನ್ ತಗಿಸಿ ಕಮೋಡ್ ಹಾಕ್ಸಿದ ಮ್ಯಾಲೆ ಓಣಿಯ ವೈನಿಯರು, ಮೌಶಿಯರು ಒಬ್ಬೊಬ್ಬರ ಕೇಳಲಿಕ್ಕೆ ಶುರು ಮಾಡ್ಯಾರ. ಯಾವ್ದು ತಗೋಬೇಕು? ಗೌಂಡಿಗೆ ಏನ ಹೇಳಬೇಕು? ವಾಸನಿ ಬರಂಗಿಲ್ಲಲಾ? ಉತ್ತರಾ ಕೊಡತೀನಿ, ಆದ್ರ ಸ್ವಲ್ಪ ಹಿಂದಿನಿಂದ ಬರತೀನಿ. ಸಂಡಾಸ ಹಿತ್ತಲದಿಂದ ಮನಿಯೊಳಗ ಹೆಂಗ ಬಂತು ಅನ್ನೋದು ಗೊತ್ತಾತಂದ್ರ ಅಂಗಡ್ಯಾಗ ಏನ ಕೇಳಬೇಕು ಅನ್ನೋದು ತಾನ ಗೊತ್ತಾಗತದ.

ಮೊದಲ ನಮ್ಮ ಮಾತುಗಳನ್ನ ನೋಡ್ರಿ. ಪಾಯಖಾನೆ ಅನ್ನೋದು ಪಾರಸಿ ಮಾತು. ಸಂಡಾಸ ನಮಗ ಮರಾಠಿ ಕಡಿಂದ ಬಂತು. ಟಾಯ್ಲೆಟ್, ಕಮೋಡ್ ಎಲ್ಲಾ ಇಂಗ್ಲಿಷಿನವರ ಜೋಡಿ ಬಂದದ್ದು. ನಮ್ಮವು ಅಂತ ಇರೋ ಮಾತು ಯಾವವು? ಹೊರಕಡಿ, ಬೈಲಕಡಿ, ಪರಸಾಕಡಿ. ಒಂದೊಂದೂ ಮನಿ ಬಿಟ್ಟು ಹೊರಗ ಹೋಗೋ ಮಾತು. ತಂಬಿಗಿ ತಗೊಂಡು ಗಂಡಸರು ಯಾವಾಗ ಬೇಕಾದ್ರೂ ಹೋಗತಿದ್ರು. ಹೆಣ್ಣಮಕ್ಕಳಿಗೆ ಮಾತ್ರ ಹೊತ್ತ ಹುಟ್ಟೋಕಿಂತ ಮೊದಲು, ಇಲ್ಲಾ ಹೊತ್ತ ಮುಣಗಿದ ಮ್ಯಾಲೆ. ನಡುವ ತಡಕೋಬೇಕು. ತಡಕೋಬೇಕಾಗತದ ಅಂತ ನೀರು ಕಡಿಮಿ ಕುಡೀಬೇಕು. ಬಸರಿ, ಬಾಣಂತಿ, ಹೊಟ್ಟಿ ಕೆಟ್ಟಾಕಿ, ಯಾರಾದ್ರೂ ಇದ ನಿಯಮ.

ಪ್ಯಾಟಿ ಮನಿಗಳೊಳಗ ಬ್ಯಾರೆ ವ್ಯವಸ್ಥಾ ಇತ್ತು. ಹಿತ್ತಲದ ತುದಿಗೆ ಎತ್ತರದ ಕಟ್ಟಿ, ಅದರಾಗ ಒಂದು ಕಿಂಡಿ, ಕಿಂಡಿ ಕೆಳಗ ಬುಟ್ಟಿ ಇಲ್ಲಾ ತಗಡಿನ ಡಬ್ಬಿ. ಹಿಂದಿನ ಸಂದಿಯಿಂದ ಸಣ್ಣ ಬಾಗಲಾ. ಈ ಸಂದಿ ಸುಮ್ಮನ ಉಳದ ಜಾಗಾ ಅಲ್ಲಾ, ಲೆಕ್ಕಾ ಹಾಕಿ ಬಿಟ್ಟದ್ದು. 1898ರಾಗ ಬೆಂಗಳೂರಿಗೆ ಪ್ಲೇಗ್ ಬಂದ ಮ್ಯಾಲೆ ಬಸವನಗುಡಿ, ಮಲ್ಲೇಶ್ವರ ಬಡಾವಣಿ ಮಾಡಿದ್ರಲಾ, ಅಲ್ಲೆ ಮನಿಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಅಂತ ಅಳತಿ ಮಾಡಿ ಬಿಟ್ಟಾರ. ಮುಂದಿನ ರಸ್ತಾ ಮನಿಯವರಿಗೆ, ಹಿಂದಿನ ಗಲ್ಲಿ ಮಲಾ ಹೊರಾವರಿಗೆ. ಊರಿನ ನಕಾಶದಾಗ ಜಾತಿ ಹೆಂಗ ಕೂಡತದ ಅನ್ನೋದನ್ನ ನೋಡಬೇಕಂದ್ರ ಆ ಗಲ್ಲಿ ಈಗೂ ಅವ, ಕಾರು ನಿಲ್ಲಸತಾರ.

ನಮ್ಮ ಅಜ್ಜಿ ಹಳೇ ಮನಿಗೂ ದಿನಾ ಮುಂಜಾನೆ ಒಬ್ಬಾಕಿ ಬರತಿದ್ಲಂತ. ತಗಡಿನಿಂದ ಗೋರಿಕೊಂಡು, ಬೂದಿ ಹಾಕಿ, ಬುಟ್ಟಿ ತಲೀಮ್ಯಾಲೆ ಹೊತಗೊಂಡು ಹೋಗತಿದ್ಲು. ಮಳಿಗಾಲದಾಗ ಬುಟ್ಟಿ ಸೋರತಿತ್ತು. ಅಜ್ಜಿ ಮ್ಯಾಲಿಂದ ಆಕಿ ಕೈಗೆ ನೀರು ಸುರವತಿದ್ಲು, ಹಬ್ಬದ ಮರುದಿನ ಉಳದ ಹೋಳಗಿ ಕೊಡತಿದ್ಲು. ಆಕಿ ಹೆಸರೇನು ಅಂತ ನಾ ಕೇಳಿದಾಗ ಅಜ್ಜಿಗೆ ಗೊತ್ತಿರಲಿಲ್ಲಾ. ಎಷ್ಟೋ ವರ್ಷ ಬಂದಾಕಿ ಆಕಿ.

1970ರ ದಶಕದಾಗ ದೇವರಾಜ ಅರಸರ ಸರಕಾರದಾಗ ಮಂತ್ರಿ ಆಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಾಗ ತಲೀಮ್ಯಾಲೆ ಮಲಾ ಹೊರೋ ಪದ್ಧತಿ ನಿಷೇಧ ಮಾಡಿದ್ರು. ಇಡೀ ದೇಶಕ್ಕ ಅಂತ ಕಾಯದೆ ಬಂದದ್ದು 1993ರಾಗ. ಅದು ಸಾಲಲಿಲ್ಲಾ ಅಂತ 2013ರಾಗ ಇನ್ನೊಂದು. ಈ ಹೋರಾಟಕ್ಕ 2016ರಾಗ ಮ್ಯಾಗ್ಸೆಸೆ ಪ್ರಶಸ್ತಿ ತಗೊಂಡ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಾಗ ಹುಟ್ಟಿದವರು, ಅವರ ಮನಿಯವರು ಅಲ್ಲೆ ಇದ ಕೆಲಸಾ ಮಾಡಿದವರು. ಇನ್ನ ನಮ್ಮ ಕಡೆದ್ದ ಸವಣೂರು. 2010ರಾಗ ಅಲ್ಲಿಯ ಭಂಗಿ ಸಮಾಜದವರು ತಾವು ಇದ್ದ ಜಾಗಾದಿಂದ ಎಬ್ಬಸತಾರ ಅನ್ನೋ ಸಂಕಟಕ್ಕ ನಡು ಊರಾಗ ಮೈಮ್ಯಾಲೆ ಮಲಾ ಸುರಕೊಂಡು ನಿಂತ್ರು. ಪೇಪರಿನಾಗ ಆ ಫೋಟೋ ನೋಡಿದವರಿಗೆ ನೆನಪಿರತದ.

ಕಾಯದೆ ಬುಟ್ಟಿ ಬ್ಯಾಡ ಅಂತು. ಬುಟ್ಟಿ ಜಾಗಾಕ್ಕ ಏನ ಬರಬೇಕು? ಅದರ ಉತ್ತರಾ ಭಾಳ ಹಿಂದ ಲಂಡನ್ನಿನಾಗ ಸಿಕ್ಕಿತ್ತು.

ನೀರು ಬಿಟ್ಟು ತೊಳಕೊಂಡು ಹೋಗೋ ಸಂಡಾಸನ್ನ 1596ರಾಗ ಜಾನ್ ಹ್ಯಾರಿಂಗ್ಟನ್ ಅನ್ನಾಂವ ಬರದು ತೋರಿಸಿದ್ದ, ಎಲಿಝಬೆತ್ ರಾಣಿಗೂ ಒಂದು ಮಾಡಿಕೊಟ್ಟಿದ್ದ. ಆದ್ರ ಅದು ನಡೀಲಿಲ್ಲಾ. ನೀರು ಬಿಟ್ರ ಹೊಲಸು ಕೆಳಗ ಹೋಗತದ ಖರೆ, ಕೆಳಗಿನ ನಾತ ಅದ ದಾರಿಗುಂಟ ವಾಪಸ ಮ್ಯಾಲೆ ಬರತಿತ್ತು. ಅಂಥಾದ್ದನ್ನ ಯಾರು ಮಲಗೋ ಖೋಲಿ ಹತ್ತರ ಇಟಗೋತಾರ? ಮುಂದ ಸುಮಾರು 180 ವರ್ಷ ಆದಮ್ಯಾಲೆ, 1775ರಾಗ, ಅಲೆಕ್ಸಾಂಡರ್ ಕಮಿಂಗ್ ಅನ್ನೋ ಗಡಿಯಾರ ಮಾಡಾಂವ ಪೈಪನ್ನ ಇಂಗ್ಲಿಷಿನ ಎಸ್ ಅಕ್ಷರದಂಗ ಬಾಗಿಸಿ ಪೇಟೆಂಟ್ ತಗೊಂಡ. ಪ್ರತಿ ಸಲ ತೊಳದ ಮ್ಯಾಲೆ ಆ ಬಾಗಿದ ಕೊಳ್ಳಿನಾಗ ಒಂದಿಷ್ಟು ನೀರು ನಿಂತ ಬಿಡತದ. ಮ್ಯಾಲಿಂದ ಹೋಗೋದು ಹೋಗತದ, ಕೆಳಗಿನ ಗಾಳಿ ಆ ನೀರು ದಾಟಿ ಬರಂಗಿಲ್ಲಾ. ಇಷ್ಟ. ಯಂತ್ರ ಇಲ್ಲಾ, ಬಾಗಲಾ ಇಲ್ಲಾ, ಕೀಲಿ ಇಲ್ಲಾ. ಈಗಿನ ಕಮೋಡಿನಾಗ ಆ ನೀರಿನ ಆಳ ಸುಮಾರು 50 ಮಿಲಿಮೀಟರ್, ಅಂದ್ರ ಮೂರು ಬಟ್ಟ. ಸಂಡಾಸ ಮನಿಯೊಳಗ ಬಂದದ್ದು ಈ ಮೂರು ಬಟ್ಟ ನೀರಿನ ಪುಣ್ಯಾದಿಂದ. ಥಾಮಸ್ ಕ್ರ್ಯಾಪರ್ ಕಂಡ ಹಿಡದಾ ಅಂತ ವಾಟ್ಸಾಪಿನಾಗ ಬರತದಲಾ, ಅದು ಸುಳ್ಳು. ಆಂವ ಮುಂದಿನ ಶತಮಾನದಾಗ ಅಂಗಡಿ ಇಟ್ಟು ಛೊಲೊ ಮಾಲು ಮಾರಿದಾಂವ.

ಆದ್ರ ಮನಿ ಸ್ವಚ್ಛ ಆದ್ರ ಸಾಕೇನು? ಲಂಡನ್ನಿನವರೆಲ್ಲಾ ಫ್ಲಶ್ ಹಾಕ್ಸಿದ್ರು, ಎಲ್ಲಾ ಹೊಲಸು ಥೇಮ್ಸ್ ಹೊಳಿಗೆ ಹೋತು. 1858ರ ಬ್ಯಾಸಗ್ಯಾಗ ಎಂಥಾ ನಾತ ಅಂದ್ರ ಪಾರ್ಲಿಮೆಂಟಿನ ಪಡದೆಗಳನ್ನ ಸುಣ್ಣದ ಔಷಧದಾಗ ಅದ್ದಿ ಕಟ್ಟಿದ್ರು. ಆಮ್ಯಾಲೆ ಬಜಲ್‌ಗೆಟ್ ಅನ್ನೋ ಇಂಜಿನಿಯರ್ ನೆಲದೊಳಗ ದೊಡ್ಡ ಗಟಾರ ಕಟ್ಟಿಸಿದ.

ನಮ್ಮಲ್ಲೆ ಅಂಥಾ ಗಟಾರಕ್ಕ ರೊಕ್ಕ ಎಲ್ಲೆ, ನೀರರ ಎಲ್ಲೆ? ಹಳೇ ಕಬ್ಬಿಣದ ಟಾಕಿ, ಸರಪಳಿ ಜಗ್ಗೋದು, ದವಾಖಾನ್ಯಾಗ ಹಾಸ್ಟೆಲಿನಾಗ ನೋಡೀರಿ, ಒಮ್ಮೆ ಜಗ್ಗಿದ್ರ ಹತ್ತ-ಹನ್ನೆರಡ ಲೀಟರ್ ಹೋಗತಿತ್ತು. ಕೊಡಾ ಹೊತ್ತು ನೀರ ತರೋರಿಗೆ ಅದು ಆಗೂ ಮಾತಲ್ಲಾ. ಬಿಹಾರದ ಬಿಂದೇಶ್ವರ ಪಾಠಕ್ 1970ರಾಗ ಸುಲಭ್ ಸಂಸ್ಥಾ ಶುರು ಮಾಡಿ ಇದಕ್ಕ ದಾರಿ ತೋರಿಸಿದ್ರು. ಪ್ಯಾನಿನ ಇಳಿಜಾರು ಹೆಚ್ಚ ಮಾಡಿದ್ರು, ಕೊಳ್ಳಿನ ನೀರು 20 ಮಿಲಿಮೀಟರಿಗೆ ಇಳಸಿದ್ರು. ಒಂದೂವರಿ-ಎರಡ ಲೀಟರ್ ಸುರವಿದ್ರ ಸಾಕು. ಹಿಂದ ಎರಡ ಗುಂಡಿ. ಒಂದು ತುಂಬಿತಂದ್ರ ಎರಡನೇದಕ್ಕ ಬಿಡೋದು, ಮೊದಲನೇದು ವರ್ಷ-ಎರಡ ವರ್ಷದಾಗ ಒಣಗಿ ಗೊಬ್ಬರ ಆಗತದ. ಯಾರೂ ಹಸಿ ಹೊಲಸ ಮುಟ್ಟಬೇಕಾಗಿಲ್ಲಾ. ನನಗ ಕೇಳಿದ್ರ ಕಮಿಂಗನ ಕೊಳ್ಳಿಗಿಂತ ಈ ಎರಡ ಗುಂಡಿನ ದೊಡ್ಡ ಕೆಲಸಾ. ಹಳ್ಳ್ಯಾಗ ತವರಮನಿ ಇದ್ದು, ಜಾಗಾ ಇದ್ದು, ಬಾಂವಿ ದೂರ ಇದ್ರ ಇಂದಿಗೂ ಅದನ್ನ ಮಾಡಿಸ್ರಿ.

ಈಗ ನಿಮ್ಮ ಪ್ರಶ್ನಿಗೆ ಬರತೀನಿ. ಎಲ್ಲಾರೂ ಕಮೋಡ್ ಹಾಕ್ಸಬೇಕು ಅಂತ ನಾ ಅನ್ನಂಗಿಲ್ಲಾ. ಮೊಣಕಾಲ ಗಟ್ಟಿ ಇದ್ದವರಿಗೆ ಇಂಡಿಯನ್ ಪ್ಯಾನ್ ಛೊಲೊನ, ನೀರೂ ಕಡಿಮಿ. ಎರಡ ಸಂಡಾಸ ಇದ್ರ ಒಂದನ್ನ ಹಂಗ ಬಿಡ್ರಿ. ಬದಲಸೋದು ಖಾಯಂ ಆತಂದ್ರ, ಅಂಗಡಿಗೆ ಹೋಗೋಕಿಂತ ಮೊದಲ ಟೇಪ್ ಹಿಡೀರಿ. ಹೊಲಸು ಹೋಗೋ ಪೈಪು ನೆಲಕ್ಕ ಇಳೀತದೋ, ಗ್ವಾಡಿಯೊಳಗ ಹೋಗತದೋ? ನೆಲಕ್ಕ ಇಳದ್ರ ಎಸ್ ಟ್ರ್ಯಾಪ್, ಗ್ವಾಡಿಗೆ ಹೋದ್ರ ಪಿ ಟ್ರ್ಯಾಪ್. ನೆಲದ್ದಾದ್ರ, ಟೈಲ್ಸ್ ಹಚ್ಚಿದ ಮ್ಯಾಲಿನ ಗ್ವಾಡಿಯಿಂದ ಪೈಪಿನ ನಟ್ಟ ನಡುವಿನ ತನಕ ಎಷ್ಟ ಇಂಚು ಅಂತ ಅಳೀರಿ. ಅಂಗಡ್ಯಾಗ ನಾಕು, ಒಂಬತ್ತು, ಹನ್ನೆರಡ ಇಂಚಿನವು ಸಿಗತಾವ. ಹನ್ನೆರಡರ ಪೈಪಿಗೆ ಒಂಬತ್ತಿನದು ತಂದ್ರ ಟಾಕಿ ಹಿಂದ ಮೂರ ಇಂಚ ಸಂದಿ ಉಳೀತದ, ಜಾಡಾ ಕಟ್ಟಲಿಕ್ಕೆ ಹದಾ ಜಾಗಾ. ಒಂಬತ್ತಕ್ಕ ಹನ್ನೆರಡರದ್ದು ತಂದ್ರ ಕೂಡಂಗ ಇಲ್ಲಾ.

ಅಂಗಡಿಯವರು ಮೊದಲ ಬಣ್ಣಾ ತೋರಸತಾರ, ಆಮ್ಯಾಲೆ ಮುಚ್ಚಳಾ ತಾನ ಮೆಲ್ಲಕ ಮುಚ್ಚಕೊಳ್ಳೋದನ್ನ. ಅದಿರಲಿ. ವಾಶ್‌ಡೌನೋ, ಸೈಫನಿಕ್ಕೋ ಕೇಳ್ರಿ. ಸೈಫನಿಕ್ಕಿನಾಗ ನೀರು ಸುತ್ತಿ ಎಳಕೊಂಡು ಹೋಗತದ, ನೋಡಲಿಕ್ಕೆ ಚಂದ, ಆದ್ರ ದಾರಿ ಸಣ್ಣದು. ವಾಶ್‌ಡೌನಿನಾಗ ನೀರು ನೆಟ್ಟಗ ಬೀಳತದ, ಕೊಳ್ಳು ದೊಡ್ಡದು, ನಳದ ನೀರು ದಿನಾ ಬರದ ನಮ್ಮಂಥಾ ಊರಿನಾಗ ಬಕೀಟಿಲೆ ಸುರವಿದ್ರೂ ನಡೀತದ. ಟಾಕಿಗೆ ಎರಡ ಗುಂಡಿ ಇರೋದು, ಸಣ್ಣದಕ್ಕ ಮೂರ ಲೀಟರ್, ದೊಡ್ಡದಕ್ಕ ಆರು, ಅದು ಸಾಕು. ಐಎಸ್ 2556 ಅನ್ನೋ ನಂಬರಿನ ಐಎಸ್‌ಐ ಗುರತು ಅದನೋ ನೋಡ್ರಿ. ಮೊಣಕಾಲ ಬ್ಯಾನಿಯವರು ಅಂಗಡ್ಯಾಗನ ಕೂತ ನೋಡಬೇಕು. ನಾಚಿಕಿ ಏನದ? ಸೀರಿ ತಗೊಳ್ಳೋ ಮುಂದ ನಾಲ್ವತ್ತ ಬಿಚ್ಚಿಸಿ ನೋಡತೀವಿ. ಗ್ವಾಡಿಗೆ ತೂಗಹಾಕೋ ಕಮೋಡ್ ಮಣ್ಣಿನ ಗ್ವಾಡಿಯ ಹಳೇ ಮನಿಗೆ ಬ್ಯಾಡೇ ಬ್ಯಾಡ.

ಕೂಡ್ರಸೋ ಮುಂದ ಗೌಂಡಿ ಜೋಡಿ ಜಗಳಾ ಆಗೋದು ಒಂದ ಮಾತಿಗೆ. ಇಂಡಿಯನ್ ಪ್ಯಾನಿನ ಕೆಳಗ ಗಚ್ಚಿನಾಗ ಹುಗದ ಬ್ಯಾರೆ ಕೊಳ್ಳು ಇರತದ. ಕಮೋಡಿಗೆ ಅದರ ಹೊಟ್ಟ್ಯಾಗನ ಕೊಳ್ಳದ. ಒಡೆಯೋ ಕೆಲಸಾ ಉಳಸಲಿಕ್ಕೆ ಹಳೇ ಕೊಳ್ಳಿನ ಮ್ಯಾಲೆನ ಕಮೋಡ್ ಕೂಡ್ರಿಸಿದ್ರ ಎರಡ ನೀರಿನ ನಡುವ ಗಾಳಿ ಸಿಗಬೀಳತದ. ಫ್ಲಶ್ ಮಾಡಿದ್ರ ನೀರು ಏರಿ ನಿಂತು ಸಾವಕಾಶ ಇಳೀತದ, ಕೆಳಗಿನದು ಕಟ್ಟಿದ್ರ ತಗಿಲಿಕ್ಕೂ ಬರಂಗಿಲ್ಲಾ. ಹಳೇದನ್ನ ಒಡಸಲೇಬೇಕು. ಒಡಿಸಿದ ಮ್ಯಾಲೆ ನಾಕಿಂಚಿನ ಪೈಪಿಗೆ ನಾಲ್ವತ್ತ ಇಂಚಿಗೆ ಒಂದ ಇಂಚ ಇಳಿಜಾರು ಕೊಡಸ್ರಿ, ವಾಟರ್‌ಪ್ರೂಫ್ ಮಾಡಿಸಿ ಒಂದ ದಿನಾ ನೀರು ನಿಲ್ಲಿಸಿ ಕೆಳಗ ಜಿನಗತದನೋ ನೋಡ್ರಿ, ಆಮ್ಯಾಲೆ ಟೈಲ್ಸ್.

ಕಮೋಡನ್ನ ಸಿಮೆಂಟಿನಾಗ ಹುಗಿಬಾರದು. ಸಿಮೆಂಟ್ ಬಿಗೀತದ, ಪಿಂಗಾಣಿ ಬಿರಿತದ, ಮುಂದ ತಗೀಬೇಕಾದ್ರ ಒಡೀಲೇಬೇಕು. ಲೆವೆಲ್ ಇಟ್ಟು ನೋಡಿ, ಪೈಪಿನ ಬಾಯಿಗೆ ರಬ್ಬರ್ ಕನೆಕ್ಟರ್ ಹಾಕಿ, ವಾಶರ್ ಕೊಟ್ಟು ಸ್ಕ್ರೂ ಬಿಗದು, ಸುತ್ತಲೂ ಸಿಲಿಕಾನ್ ಹಚ್ಚೋದು. ಸ್ಕ್ರೂ ಕೈ ಜೋರಿನಿಂದ ತಿರುವಿದ್ರ ಅಲ್ಲೆ ಸೀಳತದ. ಹಿರೇರಿಗೆ ಹಿಡಕೋಳಿಕ್ಕೆ ಗ್ವಾಡಿಗೆ ಸ್ಟೀಲ್ ಹಿಡಿಕಿ ಅವತ್ತ ಹಾಕಿಸಿಬಿಡ್ರಿ, ಡ್ರಿಲ್ ಹೆಂಗೂ ತಂದಿರತಾನ.

ಇನ್ನ ವಾಸನಿ. ಆ ಮೂರು ಬಟ್ಟ ನೀರು ಹೋತಂದ್ರ ವಾಸನಿ ಬರತದ. ಮಾಳಿಗಿ ಮ್ಯಾಲೆ ಗಾಳಿ ಪೈಪು ಇರಲಿಲ್ಲಾ ಅಂದ್ರ ಫ್ಲಶ್ ಮಾಡಿದಾಗೆಲ್ಲಾ ಗೊಳಗೊಳ ಅಂತ ಕೊಳ್ಳಿನ ನೀರನ್ನ ಎಳಕೊಂಡು ಹೋಗತದ. ಸೂಟಿಗೆ ಊರಿಗೆ ಹೋಗಿ ತಿಂಗಳ ಬಿಟ್ಟು ಬಂದ್ರ ನೀರು ಆರಿರತದ, ಒಂದ ಬಕೀಟ ಸುರವಿದ್ರ ಮುಗೀತು. ಎಷ್ಟೋ ಮನ್ಯಾಗ ವಾಸನಿ ಕಮೋಡಿಂದಲ್ಲಾ, ಬಚ್ಚಲ ನೆಲದ ಜಾಳಗಿ ಕೆಳಗಿನ ನಹಾನಿ ಟ್ರ್ಯಾಪ್ ಒಣಗಿ ಬರತಿರತದ. ಟಾಕಿ ಒಳಗಿನ ರಬ್ಬರಿಗೆ ಬೋರಿನ ನೀರಿನ ಉಪ್ಪು ಕೂತು ಸೋರತದ, ಸಪ್ಪಳಾನೂ ಇರಂಗಿಲ್ಲಾ. ಟಾಕಿಯೊಳಗ ಬಟ್ಟಿಗೆ ಹಾಕೋ ನೀಲಿ ನಾಕ ಹನಿ ಹಾಕಿ ಅರ್ಧ ತಾಸ ಬಿಡ್ರಿ. ಫ್ಲಶ್ ಮಾಡದ ಕಮೋಡಿನಾಗ ನೀಲಿ ಇಳದಿದ್ರ ರಬ್ಬರ್ ಬದಲಸಬೇಕು.

ಪ್ಯಾಡು, ಡೈಪರು, ಒದ್ದಿ ಟಿಶ್ಯೂ ಕಮೋಡಿಗೆ ಹಾಕಬ್ಯಾಡ್ರಿ. ಕಟ್ಟಿದ್ರ ಯಾರದೋ ಕೈ ಹಾಕಸಬೇಕಾಗತದ, ಮತ್ತ ಅದು ಅಜ್ಜಿ ಕಾಲದ ಹಿಂದಿನ ಬಾಗಲಾನ. ಸೆಪ್ಟಿಕ್ ಟಾಕಿ ತುಂಬಿದ್ರ ಹೀರೋ ಗಾಡಿ ಕರಸ್ರಿ. "ಮನಶ್ಯಾ ಇಳದ್ರ ಸ್ವಸ್ತ ಆಗತದ ಬಾಯಾರ" ಅಂತ ಯಾರರ ಅಂದ್ರ ಖಡಾಖಂಡಿತ ಬ್ಯಾಡ ಅನ್ನರಿ. ಒಳಗಿನ ವಿಷಗಾಳಿಗೆ ಇಳದವರು ಸಾಯತಾರ, 2013ರ ಕಾಯದೆ ಪ್ರಕಾರ ಇಳಸೋದು ಅಪರಾಧ.

ಸಿಲಿಕಾನ್ ಒಣಗಲಿಕ್ಕೆ 24 ತಾಸು ಬೇಕು, ಅಷ್ಟೊತ್ತು ಯಾರೂ ಕೂಡ್ರಬಾರದು. ಮನ್ಯಾಗ ಒಂದ ಸಂಡಾಸ ಇದ್ದವರು ಬಾಜೂ ಮನಿಯವರಿಗೆ ಮೊದಲ ಹೇಳಿ ಇಟ್ಟಿರ್ರಿ.