ಎರಡು ತುರ್ಭೆ, ಒಂದು ಕಿರಣ

ಊರಿಂದ ಬರುವವರಿಗೆ ನನ್ನ ವಿಳಾಸ ಹೇಳುವುದೇ ಒಂದು ಫಜೀತಿ. ಮರಾಠಿಯಲ್ಲಿ ತುರ್ಭೆ ಅಂದರೆ ಎರಡು ಊರು. ಒಂದು ನಾನಿರುವ ನವಿ ಮುಂಬಯಿಯ ತುರ್ಭೆ, ಎಪಿಎಂಸಿ ಮಾರುಕಟ್ಟೆಯ ತುರ್ಭೆ. ಇನ್ನೊಂದು ಖಾಡಿಯ ಆಚೆ ದಡದ್ದು. ಇಂಗ್ಲಿಷಿನವರ ಬಾಯಲ್ಲಿ ಅದು ಟ್ರಾಂಬೆ ಆಯಿತು. ಭಾಭಾ ಅಣು ಸಂಶೋಧನಾ ಕೇಂದ್ರ ಇರುವುದು ಅಲ್ಲಿ. ನಮ್ಮದು ಮೆಣಸಿನಕಾಯಿ ಘಾಟಿನ ತುರ್ಭೆ, ಅದು ಅಣುವಿನ ತುರ್ಭೆ!

ನಾನು ಹಾವೇರಿ ಕಡೆಯವನು. ಬ್ಯಾಡಗಿ ಮೆಣಸಿನಕಾಯಿಯ ಲೆಕ್ಕ ಬರೆಯಲು ಮುಂಬಯಿಗೆ ಬಂದೆ, ಮಸಾಲೆ ಮಾರುಕಟ್ಟೆಯ ಜೊತೆಗೇ ಇಲ್ಲಿ ನೆಲೆಯೂರಿದೆ. ಆ ಇನ್ನೊಂದು ತುರ್ಭೆಯ ಬಗ್ಗೆ ನಾನು ಓದಲು ಶುರುಮಾಡಿದ್ದು ಅಪ್ಪನಿಂದಾಗಿ.

ಅಪ್ಪ ಜೀವನವಿಡೀ ಧೋತರ ಉಟ್ಟವರು. ಸೊಂಟದಲ್ಲಿ ಗಂಟು ಬೀಳುವ ಜಾಗದಲ್ಲೇ ಚರ್ಮ ಬೆಳ್ಳಗಾಗಿ, ಸಿಪ್ಪೆ ಎದ್ದು, ಕೊನೆಗೆ ಹುಣ್ಣಾಯಿತು. ನೋವಿಲ್ಲ ಅಂತ ಅವರು ಸುಮ್ಮನಿದ್ದರು. ಅರಿಸಿನ ಹಚ್ಚಿದರು. ಊರಿನ ಡಾಕ್ಟರೊಬ್ಬರು ತುರಿಕಜ್ಜಿ ಅಂತ ವರ್ಷಗಟ್ಟಲೆ ಮುಲಾಮು ಕೊಟ್ಟರು. ರಜೆಗೆ ಹೋದಾಗಲೆಲ್ಲ ನಾನೂ ನೋಡುತ್ತಿದ್ದೆ, "ಉಷ್ಣ ಇರಬೇಕು" ಅಂದುಬಿಡುತ್ತಿದ್ದೆ. ಕಡೆಗೆ ಇಲ್ಲಿಗೆ ಕರೆತಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಿದರೆ, ಚರ್ಮದ ಕ್ಯಾನ್ಸರ್. ಆಪರೇಷನ್ ಆಯಿತು, ಆಮೇಲೆ ವಿಕಿರಣ ಕೊಡಬೇಕು ಅಂದರು. ಅಪ್ಪ ನನ್ನ ಮುಖ ನೋಡಿ ಕೇಳಿದರು: "ಬಾಂಬಿನ ಬೆಳಕು ನನ್ನ ಮೈಯಾಗ ಬಿಡ್ತಾರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಓದಲು ಕೂತೆ.

ಮೊದಲು ಸಿಕ್ಕಿದ್ದೇ ಎದೆಗೆ ನಾಟಿತು. ಅಪ್ಪನ ಕಾಯಿಲೆಗೆ ಹೆಸರೇ ಇತ್ತು: ಧೋತಿ ಕ್ಯಾನ್ಸರ್. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರ ಫೆಬ್ರವರಿ 28ರಂದು ಶುರುವಾಯಿತು. ಅಲ್ಲಿನ ಡಾ. ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಬಾಯಿ 1945ರಲ್ಲೇ ಇದನ್ನು ಬರೆದಿಟ್ಟಿದ್ದರು. ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಬಿಗಿದು ಉಜ್ಜುವ ಗಂಟಿನಿಂದ ಬರುವಂಥದ್ದು. ಸೀರೆಯ ಲಂಗದ ಲಾಡಿ ಬಿಗಿಯುವ ಹೆಂಗಸರಲ್ಲೂ ಅಪರೂಪಕ್ಕೆ ಕಾಣುತ್ತದಂತೆ. 1945ರಲ್ಲಿ ಅಚ್ಚಾದ ಮಾತು ನಮ್ಮ ಮನೆ ಮುಟ್ಟಲು ಅಷ್ಟು ವರ್ಷ ಬೇಕಾಯಿತು ನೋಡಿ!

ಇನ್ನು ಕಿರಣದ ಕಥೆ. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ. ಗಾಳಿಯನ್ನು ಬಹುಪಾಲು ಹೀರಿ ತೆಗೆದ ಗಾಜಿನ ಕೊಳವೆ, ಅದಕ್ಕೆ ಭಾರಿ ವೋಲ್ಟೇಜು. ಉಳಿದ ಚೂರು ಗಾಳಿಯ ಅಣುಗಳು ಸೀಳಿ ವಿದ್ಯುತ್ ಹರಿಯುವ ಅನಿಲವಾಗುತ್ತಿತ್ತು. ಅಂಥ ಸ್ಥಿತಿಗೆ 'ಪ್ಲಾಸ್ಮಾ' ಅಂತ ಹೆಸರಿಟ್ಟಿದ್ದು ಅಮೆರಿಕದ ಲ್ಯಾಂಗ್‌ಮ್ಯೂರ್, 1928ರಲ್ಲಿ. ಹೆಸರು ಬರುವ ಮೊದಲೇ ಪ್ಲಾಸ್ಮಾ ಕೆಲಸಕ್ಕೆ ಸೇರಿತ್ತು ಅನ್ನಿ. 1899ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಟೆನ್‌ಬೆಕ್ ಎಂಬ ವೈದ್ಯ ಹೆಂಗಸೊಬ್ಬಳ ಮೂಗಿನ ಮೇಲಿನ ಚರ್ಮದ ಕ್ಯಾನ್ಸರ್‌ಗೆ ಇಂಥ ಕೊಳವೆಯ ಕಿರಣವನ್ನು ಸುಮಾರು ನೂರು ಸಲ ಕೊಟ್ಟ. ಹುಣ್ಣು ಮಾಯಿತು! ಅದೇ ಕಾಲಕ್ಕೆ ಡೆನ್ಮಾರ್ಕಿನ ಫಿನ್ಸೆನ್ ಚರ್ಮದ ಕ್ಷಯಕ್ಕೆ ಇಂಗಾಲದ ಆರ್ಕ್ ದೀಪದ ಬೆಳಕಿನಿಂದ ಚಿಕಿತ್ಸೆ ಕೊಟ್ಟು 1903ರಲ್ಲಿ ನೊಬೆಲ್ ಪಡೆದ. ಆ ಆರ್ಕ್ ಕೂಡ ಪ್ಲಾಸ್ಮಾನೇ.

ಆದರೆ ಅಳತೆ ಗೊತ್ತಿರಲಿಲ್ಲ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಎಕ್ಸ್‌ರೇ ಮುಂದೆ ಕೈಯೊಡ್ಡಿ ಒಡ್ಡಿ, ಕೈಗಳಿಗೇ ಕ್ಯಾನ್ಸರ್ ಬಂದು 1904ರಲ್ಲಿ ತೀರಿಕೊಂಡ. ಗುಣಪಡಿಸಿದ್ದೂ ಅದೇ ಕಿರಣ, ಕೊಂದದ್ದೂ ಅದೇ. ಅಪ್ಪನ ಭಯ ದಡ್ಡತನವಲ್ಲ ಅಂತ ಆಗ ಅನಿಸಿತು.

1913ರಲ್ಲಿ ಕೂಲಿಡ್ಜ್ ಬಿಸಿ ತಂತಿಯ ಕೊಳವೆ ಮಾಡಿದ. ಅದಕ್ಕೆ ಅನಿಲ ಬೇಕಿರಲಿಲ್ಲ, ಕಿರಣದ ಪ್ರಮಾಣ ಕೈಗೆ ಸಿಕ್ಕಿತು. ಪ್ಲಾಸ್ಮಾ ಮನೆಗೆ ಹೋಯಿತು. ಆಮೇಲೆ ರೇಡಿಯಂ ಸೂಜಿಗಳ ಕಾಲ, 1951ರಿಂದ ಕೋಬಾಲ್ಟ್-60ರ ಕಾಲ.

ಇಲ್ಲಿ ನಮ್ಮ ಎರಡು ತುರ್ಭೆಗಳೂ ಕಥೆಗೆ ಬರುತ್ತವೆ. 1956ರ ಆಗಸ್ಟ್ 4ರಂದು ಆಚೆ ತುರ್ಭೆಯಲ್ಲಿ 'ಅಪ್ಸರಾ' ರಿಯಾಕ್ಟರ್ ಉಸಿರಾಡಿತು. ಆ ತಂಡದಲ್ಲಿ ನಮ್ಮ ತುಮಕೂರು ಜಿಲ್ಲೆಯ ರಾಜಾ ರಾಮಣ್ಣ ಇದ್ದರು, ಮುಂದೆ ಆ ಕೇಂದ್ರದ ನಿರ್ದೇಶಕರೂ ಆದರು. ಐಸೋಟೋಪುಗಳನ್ನು ಆಸ್ಪತ್ರೆ, ಕಾರ್ಖಾನೆಗಳಿಗೆ ಒದಗಿಸಲು 1989ರಲ್ಲಿ 'ಬ್ರಿಟ್' ಸಂಸ್ಥೆ ಹುಟ್ಟಿತು. ಅದು ನಮ್ಮ ಪಕ್ಕದ ವಾಶಿಯಲ್ಲೇ ಇದೆ. 2000ದಿಂದ ಅಲ್ಲಿ ಮಸಾಲೆ ಪದಾರ್ಥಗಳಿಗೂ ಕೋಬಾಲ್ಟ್ ಕಿರಣ ತೋರಿಸಿ ಕ್ರಿಮಿ ಕೊಲ್ಲುತ್ತಾರೆ. ದಿನಾ ಅದರ ಮುಂದೆ ಓಡಾಡುತ್ತಿದ್ದ ನನಗೆ ಇದು ಗೊತ್ತೇ ಇರಲಿಲ್ಲ! ಕೋಬಾಲ್ಟ್ ಚಿಕಿತ್ಸೆಯ ಸ್ವದೇಶಿ ಯಂತ್ರ 'ಭಾಭಾಟ್ರಾನ್' ಆಚೆ ತುರ್ಭೆಯಲ್ಲಿ ರೂಪುಗೊಂಡು, ಬೆಂಗಳೂರಿನ ಕಂಪನಿಯಲ್ಲಿ ತಯಾರಾಗಿ, ಮೊದಲು ನಿಂತದ್ದು ಖಾರ್ಘರ್‌ನ ಟಾಟಾ ಕೇಂದ್ರದಲ್ಲಿ.

ಹಾಗಾದರೆ ಅಪ್ಪನಿಗೂ ಕೋಬಾಲ್ಟೇ? ಅಲ್ಲ. ಕೋಬಾಲ್ಟ್ ಕಿರಣದ ಪೂರ್ಣ ಹೊಡೆತ ಬೀಳುವುದು ಚರ್ಮದ ಮೇಲಲ್ಲ, ಸುಮಾರು ಅರ್ಧ ಸೆಂಟಿಮೀಟರ್ ಒಳಗೆ. ಆಳದ ಗಡ್ಡೆಗೆ ಅದು ವರ, ಚರ್ಮದ ಕಾಯಿಲೆಗೆ ತಾನಾಗಿ ಸರಿಹೊಂದುವುದಿಲ್ಲ. ಚರ್ಮಕ್ಕೆ ಬೇಕಾದದ್ದು ಮೇಲೇ ನಿಲ್ಲುವ ಕಿರಣ: ಕಡಿಮೆ ಶಕ್ತಿಯ ಎಕ್ಸ್‌ರೇ, ಇಲ್ಲವೇ ಎಲೆಕ್ಟ್ರಾನ್. ಆಚೆ ತುರ್ಭೆಯ ವಿಜ್ಞಾನಿಗಳು ರಂಜಕ-32 ತುಂಬಿದ ಪಟ್ಟಿಗಳನ್ನೂ ಮಾಡಿದ್ದಾರೆ. ಬ್ಯಾಂಡೇಜಿನಂತೆ ಅಂಟಿಸುವುದು. ಅದರ ಬೀಟಾ ಕಣ ಮಾಂಸದೊಳಗೆ ಹೆಚ್ಚೆಂದರೆ 8 ಮಿಲಿಮೀಟರ್ ಹೋಗಿ ನಿಲ್ಲುತ್ತದೆ, 14 ದಿನಕ್ಕೊಮ್ಮೆ ಅದರ ಬಲ ಅರ್ಧವಾಗುತ್ತದೆ.

ಮನೆಗೆ ಹೋಗಿದ್ದ ಪ್ಲಾಸ್ಮಾ ಈಗ ಮತ್ತೆ ಬಾಗಿಲು ತಟ್ಟುತ್ತಿದೆ. 1960ರ ದಶಕದಲ್ಲಿ ರಷ್ಯಾದ ಫಿಲಿಪೋವ್, ಅಮೆರಿಕದ ಮೇಥರ್ ಬೇರೆ ಬೇರೆಯಾಗಿ ಬೆಳೆಸಿದ ಯಂತ್ರ 'ಪ್ಲಾಸ್ಮಾ ಫೋಕಸ್'. ಕೆಪಾಸಿಟರುಗಳಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ಅನಿಲಕ್ಕೆ ಬಿಟ್ಟರೆ ಪ್ಲಾಸ್ಮಾ ಓಡಿಹೋಗಿ ಒಂದು ಬಿಂದುವಿಗೆ ಹಿಂಡಿಕೊಳ್ಳುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಬೇಗ ಎಲೆಕ್ಟ್ರಾನ್, ಎಕ್ಸ್‌ರೇ ಚಿಮ್ಮುತ್ತವೆ. ಸ್ವಿಚ್ ಆರಿಸಿದರೆ ಕಿರಣ ಇಲ್ಲ, ಸದಾ ಉರಿಯುವ ಐಸೋಟೋಪನ್ನು ಕಾಯುವ ಗೋಜಿಲ್ಲ. ಇಟಲಿಯಲ್ಲಿ ಚರ್ಮದ ಕ್ಯಾನ್ಸರಿನ ಜೀವಕೋಶಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಆದರೆ ಇದಿನ್ನೂ ಪ್ರಯೋಗಾಲಯದ ಮಾತು. ಯಾರಾದರೂ ಇದನ್ನೇ ಚಿಕಿತ್ಸೆ ಅಂತ ಮಾರಲು ಬಂದರೆ ನಂಬಬೇಡಿ.

ಅಪ್ಪನಿಗೆ ಎಲೆಕ್ಟ್ರಾನ್ ಕಿರಣ ಕೊಟ್ಟರು. ಮೊದಲ ದಿನ ಒಳಗೆ ಹೋಗುವ ಮುನ್ನ ನನ್ನ ಕಿರುಬೆರಳಿನ ಉಗುರು ತೋರಿಸಿ ಹೇಳಿದೆ, "ಇಷ್ಟು, ಇದರ ಒಂದೆರಡು ಪಾಲು ಒಳಗ ಹೋಗಿ ನಿಂತುಬಿಡ್ತದ ಅಪ್ಪಾ." ಅವರು ತಲೆಯಾಡಿಸಿ ಒಳಗೆ ಹೋದರು. ಆಮೇಲೆ ಆರು ವರ್ಷ ಬದುಕಿದ್ದರು, ಹೋದದ್ದು ಬೇರೆ ಕಾರಣಕ್ಕೆ. ಧೋತರ ಬಿಡಲಿಲ್ಲ. ಗಂಟು ಮಾತ್ರ ದಿನಾ ಜಾಗ ಬದಲಿಸಿ ಸಡಿಲವಾಗಿ ಕಟ್ಟುತ್ತಿದ್ದರು.

ಊರಲ್ಲಿ ಧೋತರ ಉಡುವ ಅಪ್ಪ, ಲಾಡಿ ಬಿಗಿಯುವ ಅವ್ವ ಇದ್ದರೆ, ಮುಂದಿನ ಸಲ ಹೋದಾಗ ಸೊಂಟದ ಗೆರೆಯನ್ನೊಮ್ಮೆ ನೋಡಿ. ಬೆಳ್ಳಗಾದ, ಒಂದು ತಿಂಗಳಾದರೂ ಮಾಯದ ಕಲೆ ಕಂಡರೆ "ಉಷ್ಣ" ಅನ್ನಬೇಡಿ. ನಾನು ಅಂದಿದ್ದೆ.