ವಾರದ ಮನೆಯಿಂದ ಊರಿನ ಕಾಲೇಜಿಗೆ

ವಿದ್ಯಾರ್ಥಿಜೀವನದ ಚರಿತ್ರೆಯೆಂದೊಡನೆ ನಗರವಾಸಿಗಳಾದ ಶ್ರೋತೃಗಳ ಕಣ್ಣೆದುರಿಗೆ ಮೈಸೂರಿನ ಮಹಾರಾಜಾ ಕಾಲೇಜೋ ಬೆಂಗಳೂರಿನ ಸೆಂಟ್ರಲ್ ಕಾಲೇಜೋ ಬಂದು ನಿಲ್ಲುವುದು ಸಹಜ. ಅಲ್ಲಿ ಓದಿದವರಲ್ಲಿ ಎಷ್ಟೋ ಮಂದಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯಿಂದ ಹೊರಟು ಬಂದವರು. ಅವರು ಏನನ್ನು ಓದಿದರೆಂಬುದನ್ನು ಬರೆದಿಟ್ಟವರುಂಟು. ಎಲ್ಲಿ ಉಂಡರೆಂದು ವಿಚಾರಿಸಿದವರು ಕಡಮೆ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ವಿದ್ಯಾರ್ಥಿಯ ಕಥೆಯೆಂದರೆ ಬಹುಮಟ್ಟಿಗೆ ಅನ್ನದ ಮತ್ತು ದಾರಿಯ ಕಥೆಯೆಂದೇ ನಮಗೆ ತೋರುತ್ತದೆ.

ಈ ಸೀಮೆಗೆ ಉಚ್ಚ ವಿದ್ಯೆ ಹೊಸತಲ್ಲ. ಪಾಂಡವಪುರ ತಾಲ್ಲೂಕಿಗೆ ಸೇರಿದ ಮೇಲುಕೋಟೆಯಲ್ಲಿ ವೇದವೇದಾಂತಬೋಧಿನೀ ಸಂಸ್ಕೃತ ಪಾಠಶಾಲೆ ಸ್ಥಾಪಿತವಾದದ್ದು 1854ರಲ್ಲಿ. ಮದರಾಸು, ಕಲ್ಕತ್ತ, ಮುಂಬಯಿಗಳ ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ. ಬೆಟ್ಟದ ಮೇಲಣ ಆ ಪುಟ್ಟ ಊರಿನಲ್ಲಿ ಗುಡಿ, ಮಠ, ಕಲ್ಯಾಣಿ, ಮನೆಯ ಜಗಲಿ ಎಲ್ಲವೂ ಪಾಠಶಾಲೆಯ ಅಂಗಗಳೆಂಬಂತೆ ಇದ್ದವು. ಓದುವ ಹುಡುಗನ ಊಟ ಊರಿನ ಹೊಣೆ ಎಂಬ ಭಾವನೆ ಅಲ್ಲಿಗೆ ಹೊಂದುವಂಥದು. ಆದರೆ ಈ ಔದಾರ್ಯಕ್ಕಿದ್ದ ಎಲ್ಲೆಯನ್ನು ಮುಚ್ಚಿಡುವುದು ಚರಿತ್ರೆಯನ್ನು ಹೇಳುವವರಿಗೆ ತರವಲ್ಲ. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳುವ ಜಾತಿಯಲ್ಲಿ ಹುಟ್ಟದವನಿಗೆ ಆ ಅನ್ನವೂ ಇರಲಿಲ್ಲ, ಆ ವಿದ್ಯೆಯೂ ಇರಲಿಲ್ಲ.

ಇಂಗ್ಲಿಷ್ ವಿದ್ಯೆ ಬಂದ ಮೇಲೆ ಊರು ಬಿಡುವುದು ಅನಿವಾರ್ಯವಾಯಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು ಬಾಲ್ಯದಲ್ಲಿ ಶ್ರೀರಂಗಪಟ್ಟಣದಲ್ಲಿ ಓದಿ, ಮುಂದೆ ಮೈಸೂರು, ಬೆಂಗಳೂರು, ಮದರಾಸುಗಳವರೆಗೂ ಹೋಗಬೇಕಾಯಿತು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪಿತವಾಗುವ ತನಕ ನಮ್ಮ ಕಾಲೇಜುಗಳ ಪರೀಕ್ಷೆಗೂ ಮದರಾಸೇ ಗತಿ. ಅವರ ತಂದೆ ವಕೀಲರು. ತಂದೆಗೆ ಅಂಥ ವೃತ್ತಿಯಿಲ್ಲದ ಹುಡುಗನ ಪಾಡೇನು?

ಅವನಿಗಿದ್ದದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ, ಹೀಗೆ ಏಳು ಮನೆ ಹಿಡಿಯಬೇಕು. ಐದೇ ಸಿಕ್ಕಿದರೆ ವಾರಕ್ಕೆರಡು ದಿನ ನೀರು ಕುಡಿದು ಮಲಗಬೇಕು. ಯಾವುದಾದರೂ ಮನೆಗೆ ಸೂತಕ ಬಂದಿತೆಂದರೆ ಆ ದಿನದ ಊಟವೂ ತಪ್ಪಿತು. ಉಣ್ಣಲು ಹೋದವನು ಬಾವಿಯಿಂದ ನೀರು ಸೇದಿಕೊಡುತ್ತಿದ್ದ, ಅಂಗಡಿಯಿಂದ ಸಾಮಾನು ತರುತ್ತಿದ್ದ, ಮನೆಯ ಚಿಕ್ಕಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಎರಡನೆಯ ಸಲ ಅನ್ನ ಕೇಳಬಹುದೋ ಬಾರದೋ ಎಂಬುದನ್ನು ಬಡಿಸುವ ತಾಯಿಯ ಮುಖ ನೋಡಿ ತಿಳಿಯುವ ಶಾಸ್ತ್ರವೊಂದಿತ್ತು. ತರ್ಕವ್ಯಾಕರಣಗಳಿಗಿಂತ ಅದು ಕಠಿನ. ಈ ಪದ್ಧತಿಯನ್ನು ಗುರುಕುಲದ ಶೇಷವೆಂದು ಕೊಂಡಾಡುವವರಿದ್ದಾರೆ. ಉಣಿಸಿದವರ ದೊಡ್ಡತನದಲ್ಲಿ ನಮಗೆ ಸಂದೇಹವಿಲ್ಲ. ಉಂಡ ಹುಡುಗನ ಸಂಕೋಚವನ್ನು ಮಾತ್ರ ಕೊಂಡಾಡಲಾರೆವು.

ವಾರದ ಮನೆಗಳೂ ದೊರೆಯದಿದ್ದ ಒಕ್ಕಲು ಮಕ್ಕಳಿಗೆ ದಾರಿ ತೆರೆದದ್ದು ವಿದ್ಯಾರ್ಥಿನಿಲಯಗಳು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಇತರ ಸಮಾಜಗಳೂ ಮಠಗಳೂ ತಮ್ಮ ಮಕ್ಕಳಿಗೆ ಊಟ ವಸತಿಗಳನ್ನು ಕಲ್ಪಿಸಿದವು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯ ತರುವಾಯ ಹಿಂದುಳಿದವರ ಓದಿಗೆ ಸರ್ಕಾರದ ಬೆಂಬಲವೂ ಹೆಚ್ಚಿತು. ರಾಗಿಮುದ್ದೆಯ ಆ ಸಾಲುಪಂಕ್ತಿಗಳು ಮಾಡಿದ ಕೆಲಸವನ್ನು ನಮ್ಮ ಶಿಕ್ಷಣದ ಇತಿಹಾಸಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಆದರೂ ನಡುದಾರಿಯಲ್ಲಿ ನಿಂತವರೇ ಬಹಳ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರು ಪದವಿಯನ್ನು ಪೂರೈಸದೆ ಗುಮಾಸ್ತೆಯ ಕೆಲಸಕ್ಕೆ ಸೇರಿದರು. ‘ಮೈಸೂರ ಮಲ್ಲಿಗೆ’ 1942ರಲ್ಲಿ ಹೊರಬಂದಿತಾಗಿ ಅವರ ಹೆಸರು ನಮಗೆ ತಿಳಿಯಿತು. ಹಾಗೆ ಓದು ಬಿಟ್ಟು ಊರಿಗೆ ಮರಳಿದ ಉಳಿದವರ ಹೆಸರನ್ನು ಬಲ್ಲವರು ಯಾರು?

1939ರಲ್ಲಿ ಮಂಡ್ಯ ಜಿಲ್ಲೆ ರೂಪುಗೊಂಡಿತು. ಮುಂದೆ ಕಾಲೇಜುಗಳು ಮೊದಲು ಮಂಡ್ಯಕ್ಕೆ, ಆಮೇಲೆ ತಾಲ್ಲೂಕಿನ ಊರುಗಳಿಗೆ ಬಂದವು. ಬಿ. ಎಂ. ಶ್ರೀ.ಯವರ ಮನೆತನದ ಬೆಳ್ಳೂರಿನ ಬಳಿಯಲ್ಲೇ 1986ರಲ್ಲಿ ಆದಿಚುಂಚನಗಿರಿ ಮಠದ ವೈದ್ಯಕೀಯ ಕಾಲೇಜು ಆರಂಭವಾಗಿ, ಹೊರಗಿನ ಮಕ್ಕಳು ಓದಿಗಾಗಿ ನಾಗಮಂಗಲ ತಾಲ್ಲೂಕಿಗೆ ಬರುವಂತಾದದ್ದು ಕಾಲದ ವಿನೋದವೆನ್ನಬಹುದು.

ತಾಲ್ಲೂಕಿನ ಕಾಲೇಜಿನಿಂದ ಹೆಚ್ಚಿನ ಲಾಭ ಹೆಣ್ಣುಮಕ್ಕಳಿಗೆ. ಮಗಳನ್ನು ಮೈಸೂರಿಗೆ ಕಳುಹಿಸಲು ಹಿಂದೆಗೆದ ತಂದೆ, ಸಂಜೆಗೆ ಮನೆ ಸೇರುವುದಾದರೆ ಕೃಷ್ಣರಾಜಪೇಟೆಯ ತನಕ ಹೋಗಿಬರಲಿ ಎಂದು ಒಪ್ಪಿದನು. 2023ರ ಜೂನ್ ತಿಂಗಳಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣಕ್ಕೆ ಹಣ ಕೊಡಬೇಕಾಗಿಲ್ಲವಾದ್ದರಿಂದ ಆ ಒಪ್ಪಿಗೆ ಇನ್ನಷ್ಟು ಸುಲಭವಾಗಿದೆ. ಆದರೆ ವೇಳಾಪಟ್ಟಿಯನ್ನು ನಿಜವಾಗಿ ಬರೆಯುವವನು ಪ್ರಾಂಶುಪಾಲನಲ್ಲ, ಬಸ್ಸಿನ ಚಾಲಕ. ಹಳ್ಳಿಗೆ ಹೋಗುವ ಬಸ್ಸು ಮೂರೂವರೆಗೆ ಹೊರಡುವುದಾದರೆ ಮೂರರ ಪಾಠದಲ್ಲಿ ಅರ್ಧ ತರಗತಿಯ ಕಿವಿ ಬೀದಿಯ ಕಡೆಗೇ ಇರುತ್ತದೆ.

ಅನ್ನದ ಪ್ರಶ್ನೆಯೂ ತೀರಿಲ್ಲ. ಸರ್ಕಾರದ ಬಿಸಿಯೂಟ ಹತ್ತನೆಯ ತರಗತಿಗೆ ನಿಲ್ಲುತ್ತದೆ. ಮುಂಜಾನೆ ಮೊದಲ ಬಸ್ಸು ಹಿಡಿಯಲು ಬರಿಹೊಟ್ಟೆಯಲ್ಲಿ ಹೊರಟ ಹುಡುಗಿ ಹನ್ನೊಂದು ಗಂಟೆಯ ಹೊತ್ತಿಗೆ ಮೇಜಿನ ಮೇಲೆ ತಲೆಯಿಟ್ಟರೆ ಉಪಾಧ್ಯಾಯರು ಅದನ್ನು ಅಲಕ್ಷ್ಯವೆಂದು ಬರೆದುಕೊಳ್ಳುವುದುಂಟು. ಅವಳಿಗೆ ಇಂದು ಹಿಡಿಯಲು ವಾರದ ಮನೆಗಳೂ ಇಲ್ಲ.