ಸೋತ ಚಿತ್ರದಲ್ಲಿ ಗೆದ್ದ ಅಭಿನಯ

ಸಂತೆಮರಹಳ್ಳಿ ಸುತ್ತಿನ ಊರುಗಳಲ್ಲಿ ಹಬ್ಬಕ್ಕೋ ಜಾತ್ರೆಗೋ ‘ಕುರುಕ್ಷೇತ್ರ’ ನಾಟಕ ಇಟ್ಟುಕೊಂಡರೆ, ಅದರ ವಿಮರ್ಶೆ ಮಾರನೆಯ ಬೆಳಿಗ್ಗೆ ಟೀ ಅಂಗಡಿಯ ಮುಂದೆ ನಡೆಯುತ್ತದೆ. ಸೀನರಿ ಹರಿದಿತ್ತು, ಮೈಕು ಕೈಕೊಟ್ಟಿತು, ಅರ್ಧ ಜನಕ್ಕೆ ಮಾತೇ ಬಾಯಿಗೆ ಬರಲಿಲ್ಲ ಎಂದೆಲ್ಲ ಹೇಳಿದ ಮೇಲೆ ಯಾರಾದರೊಬ್ಬರು, ‘ನಾಟ್ಕ ಏನಾರ ಆಗ್ಲಿ ಬುಡು, ದುರ್ಯೋಧನ್ನ ಮಾಡ್ದಂವ ಮಾತ್ರ ಜೀವ ಇಟ್ಟು ಮಾಡ್ದ ಕನಾ’ ಅನ್ನುತ್ತಾರೆ. ಆ ಮಾತಿಗೆ ಎಲ್ಲರೂ ತಲೆದೂಗುತ್ತಾರೆ. ನಾಟಕಕ್ಕೊಂದು ತೀರ್ಪು, ನಟನಿಗೊಂದು ತೀರ್ಪು. ಈ ಎರಡನ್ನೂ ಬೇರೆಬೇರೆ ಇಟ್ಟು ನೋಡುವ ವಿವೇಕ ನಮ್ಮ ಸೀಮೆಯ ನೋಡುಗರಿಗೆ ಸಿನಿಮಾ ಬರುವ ಮುಂಚಿನಿಂದಲೂ ಇತ್ತು. ಸಿನಿಮಾದ ವಿಷಯಕ್ಕೆ ಬಂದಾಗ ನಾವು ಅದನ್ನು ಮರೆತಿದ್ದೇವೆ. ಚಿತ್ರ ಕೆಟ್ಟದ್ದು ಅಂದ ಕೂಡಲೇ ಅದರೊಳಗಿನ ಒಳ್ಳೆಯ ಅಭಿನಯವನ್ನೂ ಅದರ ಜೊತೆಗೇ ಹೂತುಬಿಡುತ್ತೇವೆ.

ಕೆಟ್ಟ ಚಿತ್ರ ಎಂದರೆ

ಇಲ್ಲಿ ಕೆಟ್ಟ ಚಿತ್ರ ಎಂದರೆ ಹಣ ಮಾಡದ ಚಿತ್ರ ಎಂದಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಬಿದ್ದುಹೋದ ಒಳ್ಳೆಯ ಚಿತ್ರಗಳಿವೆ, ನೂರು ದಿನ ಓಡಿದ ಟೊಳ್ಳು ಚಿತ್ರಗಳೂ ಇವೆ. ಕಥೆಯಲ್ಲಿ ನಂಬಿಕೆ ಹುಟ್ಟದ, ಸಂಭಾಷಣೆ ಸವೆದುಹೋದ, ಒಂದು ದೃಶ್ಯಕ್ಕೂ ಮುಂದಿನದಕ್ಕೂ ಬೆಸುಗೆ ಕೂಡದ ಚಿತ್ರವೇ ಕೆಟ್ಟ ಚಿತ್ರ. ಅಂಥದ್ದರಲ್ಲೂ ಒಬ್ಬ ನಟ ಅಥವಾ ನಟಿ ತೆರೆಗೆ ಬಂದ ಕ್ಷಣ ನಾವು ನೆಟ್ಟಗೆ ಕೂತು ನೋಡುತ್ತೇವೆ. ಅವರು ಮರೆಯಾದ ಮೇಲೆ ಚಿತ್ರ ಮತ್ತೆ ಸೊರಗುತ್ತದೆ. ಇದು ಆಕಸ್ಮಿಕವಲ್ಲ ಎಂಬುದೇ ನನ್ನ ವಾದ. ಚಿತ್ರದಲ್ಲಿ ಇಲ್ಲದ ಯಾವುದೋ ಒಂದನ್ನು ಆ ನಟ ಹೊರಗಿನಿಂದ ಹೊತ್ತು ತಂದಿರುತ್ತಾನೆ. ಕನ್ನಡದಲ್ಲಿ ಬಹುಪಾಲು ಅದು ರಂಗಭೂಮಿಯಿಂದ ಬಂದದ್ದು.

ಸಿಂಗಾನಲ್ಲೂರಿನ ಕಸುಬು

ಚಾಮರಾಜನಗರ ಜಿಲ್ಲೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ರೌದ್ರ ಪಾತ್ರಗಳಿಗೆ ಹೆಸರಾದವರು. ಅವರ ಮಗ ಮುತ್ತುರಾಜ್ 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದರು. ಆ ಊರು ಈಗ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದು, ತಾಳವಾಡಿ ಸೀಮೆಯಲ್ಲಿದೆ. ಶಾಲೆಯ ಓದು ಸಣ್ಣ ವಯಸ್ಸಿನಲ್ಲೇ ನಿಂತಿತು. ಕಂಪನಿಯೇ ಅವರ ಪಾಠಶಾಲೆಯಾಯಿತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದಿಂದ ಅವರು ರಾಜಕುಮಾರ್ ಆದರು.

ಆಮೇಲಿನ ಹದಿನೈದು ವರ್ಷ ಅವರು ದುಡಿದ ವೇಗ ಇಂದು ನಂಬಲು ಕಷ್ಟ. 1968 ಒಂದೇ ವರ್ಷದಲ್ಲಿ ಅವರ ಹನ್ನೆರಡಕ್ಕೂ ಹೆಚ್ಚು ಚಿತ್ರಗಳು ತೆರೆಕಂಡವು. ಅಷ್ಟು ಅವಸರದಲ್ಲಿ ತೆಗೆದ ಚಿತ್ರಗಳೆಲ್ಲ ಚೆನ್ನಾಗಿರಲು ಸಾಧ್ಯವಿರಲಿಲ್ಲ. ಅದೇ ವರ್ಷದ ‘ಹಣ್ಣೆಲೆ ಚಿಗುರಿದಾಗ’ ಇಂದಿಗೂ ನಿಲ್ಲುವ ಚಿತ್ರ. ‘ಗೋವಾದಲ್ಲಿ ಸಿಐಡಿ 999’ರ ಸಾಹಸ, ಸಲಕರಣೆಗಳನ್ನು ಈಗ ನೋಡಿದರೆ ಬಡತನ ಎದ್ದು ಕಾಣುತ್ತದೆ. ಆದರೆ ಎರಡನ್ನೂ ಒಂದರ ಹಿಂದೊಂದು ನೋಡಿ: ರಾಜಕುಮಾರ್ ಎರಡನೆಯದಕ್ಕೆ ಕಡಿಮೆ ಮನಸ್ಸು ಕೊಟ್ಟದ್ದು ಎಲ್ಲೂ ಕಾಣುವುದಿಲ್ಲ. ಮಾತಿನ ಸ್ಪಷ್ಟತೆ, ಎದುರು ನಟನ ಮಾತು ಮುಗಿಯುವ ತನಕ ಕಿವಿಗೊಟ್ಟು ನಿಲ್ಲುವ ಸಂಯಮ ಎರಡರಲ್ಲೂ ಒಂದೇ. ಕಂಪನಿ ನಾಟಕದಲ್ಲಿ ಇವತ್ತು ಪ್ರೇಕ್ಷಕರು ಕಡಿಮೆ ಎಂದು ಪಾತ್ರವನ್ನು ಅರ್ಧಕ್ಕೆ ಇಳಿಸುವಂತಿರಲಿಲ್ಲ. ನಾಳೆ ಅದೇ ಊರಿನಲ್ಲಿ ಮತ್ತೆ ಬಣ್ಣ ಹಚ್ಚಬೇಕಿತ್ತು. ಆ ಶಿಸ್ತು ಸ್ಟುಡಿಯೋಗೂ ಅವರ ಜೊತೆಯಲ್ಲೇ ಬಂತು.

ಪೋಷಕ ನಟರೇ ಏಕೆ ಹೆಚ್ಚು

ಕೆಟ್ಟ ಚಿತ್ರದಲ್ಲಿ ನಾಯಕನಿಗಿಂತ ಖಳ, ಹಾಸ್ಯ, ಪೋಷಕ ಪಾತ್ರದವರು ಮಿಂಚುವುದೇ ಹೆಚ್ಚು. ಇದರ ಕಾರಣ ಕಸುಬಿನ ರೀತಿಯಲ್ಲೇ ಇದೆ. ಕಥೆಯ ಭಾರವೆಲ್ಲ ನಾಯಕನ ಹೆಗಲ ಮೇಲೆ. ಕಥೆ ಎಡವಿದಲ್ಲೆಲ್ಲ ಅವನೂ ಎಡವಬೇಕು. ಪೋಷಕ ನಟ ಕೆಲವೇ ದಿನದ ಕಾಲ್‌ಶೀಟಿನಲ್ಲಿ ಬಂದು ತನ್ನ ಐದಾರು ದೃಶ್ಯ ಮುಗಿಸಿ ಹೋಗುತ್ತಾನೆ. ಆ ದೃಶ್ಯಗಳ ಮಟ್ಟಿಗೆ ಒಬ್ಬ ಇಡೀ ಮನುಷ್ಯನನ್ನು ಕಟ್ಟಿ ನಿಲ್ಲಿಸಿದರೆ ಸಾಕು, ಕ್ಲೈಮ್ಯಾಕ್ಸಿನ ಹೊಣೆ ಅವನದಲ್ಲ. ಹಿಂದಿನ ಅನೇಕ ಚಿತ್ರಗಳಲ್ಲಿ ಹಾಸ್ಯದ ಭಾಗ ಮುಖ್ಯ ಕಥೆಗೆ ಅಂಟಿಯೂ ಅಂಟದಂತೆ ಇರುತ್ತಿತ್ತು. ಆದ್ದರಿಂದ ಕಥೆ ಮುಳುಗಿದರೂ ಹಾಸ್ಯನಟ ನರಸಿಂಹರಾಜು ತೇಲುತ್ತಿದ್ದರು.

ವಜ್ರಮುನಿಯವರನ್ನು ನೆನೆಯದೆ ಈ ಮಾತು ಪೂರ್ತಿಯಾಗದು. ‘ಪ್ರಚಂಡ ರಾವಣ’ ನಾಟಕದ ರಾವಣನಾಗಿ ರಂಗದ ಮೇಲೆ ಗುಡುಗಿದವರು ಅವರು. ಊರ ಗೌಡ, ಕಳ್ಳಸಾಗಣೆದಾರ, ಹಾಳು ಸಾಹುಕಾರ ಎಂದು ಬರೆಹಗಾರ ಒಂದೇ ಸಾಲಿನಲ್ಲಿ ಬರೆದು ಕೈತೊಳೆದುಕೊಂಡ ಪಾತ್ರಕ್ಕೂ ಅವರು ಆ ರಾವಣನ ಗತ್ತನ್ನು ಕೊಟ್ಟರು. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ತಮ್ಮ ಮಾತಿನ ಸರದಿಯನ್ನು ಹಿಡಿಯುತ್ತಿದ್ದರು. ಅವರು ನಟಿಸಿದ ನೂರಾರು ಚಿತ್ರಗಳಲ್ಲಿ ಎಷ್ಟೋ ಇಂದು ಯಾರಿಗೂ ನೆನಪಿಲ್ಲ, ಅವರ ಕುಹಕದ ಕಣ್ಣು ಮಾತ್ರ ನೆನಪಿದೆ. ಎದುರಿನವರನ್ನು ಅಷ್ಟು ತೀಕ್ಷ್ಣವಾಗಿ ಗಮನಿಸಲೇಬೇಕಾದ ನಟ ಸಪ್ಪೆ ದೃಶ್ಯದಲ್ಲೂ ಎಚ್ಚರ ತಪ್ಪಲಾರ.

ಒಬ್ಬ ವೀರಪ್ಪನ್, ಎರಡು ಚಿತ್ರ

ಒಂದೇ ಅಭಿನಯವನ್ನು ಒಳ್ಳೆಯ ಚಿತ್ರದಲ್ಲೂ ಕೆಟ್ಟ ಚಿತ್ರದಲ್ಲೂ ಇಟ್ಟು ತೂಗಿ ನೋಡುವ ಅವಕಾಶ ಸಿಗುವುದು ಅಪರೂಪ. ಅಂಥದ್ದೊಂದು ಸಿಕ್ಕಿದ್ದು ನಮ್ಮ ಚಾಮರಾಜನಗರ ಜಿಲ್ಲೆಯ ಕಥೆಯಿಂದಲೇ.

ಕಾಡುಗಳ್ಳ ವೀರಪ್ಪನ್ ಹುಟ್ಟಿದ್ದು ಮಲೆ ಮಹದೇಶ್ವರ ಬೆಟ್ಟದ ಆಚೆಯ ಗೋಪಿನಾಥಂನಲ್ಲಿ. ಅವನನ್ನು ಕುರಿತ ಕನ್ನಡ ಚಿತ್ರಗಳಿಗೆ ದೊಡ್ಡ ಇತಿಹಾಸವಿದೆ. 1991ರ ‘ವೀರಪ್ಪನ್’ ಚಿತ್ರದಲ್ಲಿ ದೇವರಾಜ್ ಆ ಪಾತ್ರ ಮಾಡಿ ರಾಜ್ಯ ಪ್ರಶಸ್ತಿ ಪಡೆದರು. ಆಗ ವೀರಪ್ಪನ್ ಇನ್ನೂ ಕಾಡಿನಲ್ಲೇ ಇದ್ದ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ರಾಜಕುಮಾರ್ ಅವರನ್ನು ಅವನು ಅಪಹರಿಸಿದ. 108 ದಿನ ನಾಡು ಉಸಿರು ಬಿಗಿಹಿಡಿದು ಕೂತಿತ್ತು. 2004ರ ಅಕ್ಟೋಬರ್ 18ರಂದು ಅವನು ಪೊಲೀಸರ ಗುಂಡಿಗೆ ಬಲಿಯಾದ. 2013ರಲ್ಲಿ ಎ.ಎಂ.ಆರ್. ರಮೇಶ್ ಅವರ ‘ಅಟ್ಟಹಾಸ’ದಲ್ಲಿ ಕಿಶೋರ್ ಅವನಾದರು.

ರಾಮಗೋಪಾಲ್ ವರ್ಮಾ ಅವರ ‘ಕಿಲ್ಲಿಂಗ್ ವೀರಪ್ಪನ್’ ತೆರೆಕಂಡದ್ದು 2016ರ ಜನವರಿ 1ರಂದು. ತಂದೆ ರಾಜಕುಮಾರ್ ಅವರನ್ನು ಅಪಹರಿಸಿದವನ ಬೆನ್ನು ಹತ್ತುವ ಅಧಿಕಾರಿಯಾಗಿ ಶಿವರಾಜಕುಮಾರ್ ನಟಿಸಿದರು. ವೀರಪ್ಪನ್ ಆಗಿ ಬಂದವರು ಅದುವರೆಗೆ ಕನ್ನಡಿಗರು ಹೆಸರು ಕೇಳದ ಸಂದೀಪ್ ಭಾರದ್ವಾಜ್. ಮೀಸೆ, ಮೈಕಟ್ಟಿನ ಹೋಲಿಕೆ ಬೆರಗು ಹುಟ್ಟಿಸುವಂತಿತ್ತು, ನಿಜ. ಅದಕ್ಕಿಂತ ದೊಡ್ಡದು ಅವರ ನಿಶ್ಚಲತೆ. ಕಾಡಿನಲ್ಲಿ ಬಾಳಿದವನು ಸದ್ದಿಗೆ ಕಿವಿಯಾನಿಸುವ ರೀತಿ, ಕೊಲ್ಲುವುದನ್ನು ದಿನನಿತ್ಯದ ಕೆಲಸವೆಂಬಂತೆ ಮಾಡುವ ತಣ್ಣನೆಯ ಮುಖ, ಎಲ್ಲಿಯೂ ಏರದ ದನಿ. ಚಿತ್ರಕ್ಕೂ ನಟನಿಗೂ ಕನ್ನಡದಲ್ಲಿ ಒಳ್ಳೆಯ ಸ್ವಾಗತ ಸಿಕ್ಕಿತು.

ಐದು ತಿಂಗಳೂ ಕಳೆಯುವ ಮೊದಲು, ಮೇ 27ರಂದು, ಅದೇ ನಿರ್ದೇಶಕರು ಅದೇ ಕಥೆಯನ್ನು ‘ವೀರಪ್ಪನ್’ ಎಂಬ ಹೆಸರಿನಲ್ಲಿ ಹಿಂದಿಯಲ್ಲಿ ತಂದರು. ವೀರಪ್ಪನ್ ಪಾತ್ರಕ್ಕೆ ಅದೇ ಸಂದೀಪ್. ಎದುರಾಳಿ ಅಧಿಕಾರಿಯ ಪಾತ್ರಕ್ಕೆ ಬೇರೆ ನಟರು. ಈ ಸಲ ವಿಮರ್ಶಕರು ಚಿತ್ರವನ್ನು ಹಿಗ್ಗಾಮುಗ್ಗಾ ಟೀಕಿಸಿದರು. ಆದರೆ ಅವರಲ್ಲಿ ಹಲವರು ಸಂದೀಪ್ ಅವರ ಅಭಿನಯವನ್ನು ಮಾತ್ರ ಹೊರಗಿಟ್ಟು ಹೊಗಳಿದರು. ಪಾತ್ರ ಅದೇ, ನಟ ಅವರೇ, ನಿರ್ದೇಶಕರೂ ಅವರೇ. ಕೆಟ್ಟದ್ದು ಸುತ್ತಲಿನ ಚಿತ್ರ. ವೀರಪ್ಪನ್‌ನ ಭಯ ನಮಗೆ ತಟ್ಟಬೇಕಾದರೆ ಅವನನ್ನು ಹುಡುಕುವವನ ಹಟವೂ ನಮಗೆ ತಟ್ಟಬೇಕು. ಕನ್ನಡದಲ್ಲಿ ಶಿವರಾಜಕುಮಾರ್ ಆ ತಕ್ಕಡಿಯ ಇನ್ನೊಂದು ತಟ್ಟೆಯನ್ನು ಹಿಡಿದಿದ್ದರು. ಹಿಂದಿಯಲ್ಲಿ ಆ ತಟ್ಟೆ ಖಾಲಿ. ಅಭಿನಯ ಮಾತ್ರ ಅಷ್ಟೇ ತೂಕದ್ದಾಗಿ ಉಳಿಯಿತು.

ಸಾಕವ್ವ ಮತ್ತು ಗುಲಾಬಿ

ಎರಡನೆಯ ದೊಡ್ಡ ಉದಾಹರಣೆ ಉಮಾಶ್ರೀ. ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಅವರನ್ನು ಸಿನಿಮಾ ಪ್ರೇಕ್ಷಕರು ಮೊದಲು ಗುರುತಿಸಿದ್ದು 1984ರ ಕಾಶಿನಾಥ್ ಚಿತ್ರ ‘ಅನುಭವ’ದಲ್ಲಿ. ಅಲ್ಲಿಂದ ಮುಂದೆ ಗಾಂಧಿನಗರದ ಚಿತ್ರೋದ್ಯಮ ಅವರಿಗೆ ಕೊಟ್ಟದ್ದು ಹೆಚ್ಚಾಗಿ ದ್ವಂದ್ವಾರ್ಥದ ಹಾಸ್ಯ ಪಾತ್ರಗಳು. ಮಕ್ಕಳ ಜೊತೆ ಕೂತು ನೋಡಲಾಗದ ಎಷ್ಟೋ ಚಿತ್ರಗಳಲ್ಲಿ ಅವರಿದ್ದರು.

ಇದೇ ನಟಿ ರಂಗದ ಮೇಲೆ ಸಾಕವ್ವ. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ನಾಟಕವಾಗಿ ಆಡಿಸಿದಾಗ, ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಅಲೆಯುವ ಆ ಮುದುಕಿಯ ಪಾತ್ರ ಅವರದಾಯಿತು. ಲೇಖಕರ ಊರು ದೇವನೂರು ನಂಜನಗೂಡು ತಾಲ್ಲೂಕಿನದು. ‘ಒಡಲಾಳ’ದ ಮಾತು ಸಂತೆಮರಹಳ್ಳಿ, ಯಳಂದೂರಿನ ಕೇರಿಗಳಲ್ಲಿ ಇಂದಿಗೂ ಕೇಳುವ ಮಾತು. ತುಮಕೂರು ಕಡೆಯ ನಟಿ ಈ ಸೀಮೆಯ ನುಡಿಯನ್ನು ನಾಲಿಗೆಗೆ ತಂದುಕೊಂಡು, ಬಡತನವನ್ನು ಗೋಳಾಗಿಸದೆ, ಸಾಕವ್ವನ ಜಗಳಗಂಟಿತನವನ್ನೂ ಅಕ್ಕರೆಯನ್ನೂ ಒಟ್ಟಿಗೆ ಹಿಡಿದರು. ಕನ್ನಡ ರಂಗಭೂಮಿಯ ದೊಡ್ಡ ಅಭಿನಯಗಳ ಸಾಲಿನಲ್ಲಿ ಅದನ್ನು ನಿಲ್ಲಿಸಬೇಕು.

ಸಾಕವ್ವನನ್ನು ಬಲ್ಲವರು ಆ ಹಾಸ್ಯ ಚಿತ್ರಗಳನ್ನು ಬೇರೆ ಕಣ್ಣಿನಿಂದ ನೋಡಬಲ್ಲರು. ಸಂಭಾಷಣೆ ಅಗ್ಗದ್ದು, ಆದರೆ ಅದನ್ನು ಆಡುವ ಹೆಂಗಸಿನ ಧಿಮಾಕು ಅಗ್ಗದ್ದಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸುವ ರೀತಿ, ಗಂಡಸಿನ ಮಾತನ್ನು ಅರ್ಧಕ್ಕೇ ಕತ್ತರಿಸುವ ಹೊತ್ತು, ಕಣ್ಣಿನಲ್ಲೇ ಕೊಡುವ ಉತ್ತರ. ಗೇಲಿಗೆ ಗುರಿಯಾಗಲೆಂದು ಬರೆದ ಪಾತ್ರವೇ ಗೇಲಿ ಮಾಡುವವರ ಮೇಲೆ ಮೇಲುಗೈ ಪಡೆಯುತ್ತದೆ. ಇಷ್ಟನ್ನು ಆ ಚಿತ್ರಗಳ ಬರೆಹಗಾರರು ಅವರಿಗೆ ಕೊಟ್ಟಿರಲಿಲ್ಲ.

2008ರಲ್ಲಿ ಗಿರೀಶ ಕಾಸರವಳ್ಳಿಯವರು ವೈದೇಹಿಯವರ ಕಥೆಯನ್ನಾಧರಿಸಿದ ‘ಗುಲಾಬಿ ಟಾಕೀಸು’ ಚಿತ್ರದಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯನ್ನು ಅವರ ಕೈಗಿತ್ತರು. ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಉಮಾಶ್ರೀ ಕೊನೆಗೂ ಒಳ್ಳೆಯ ನಟಿಯಾದರು ಎಂದು ಆಗ ಕೆಲವರು ಮಾತಾಡಿಕೊಂಡರು. ಆ ಮಾತು ತಪ್ಪು. ಅವರು ಮೊದಲಿನಿಂದಲೂ ಒಳ್ಳೆಯ ನಟಿ. ಅವರಿಗೆ ತಕ್ಕ ಚಿತ್ರ ಸಿಗಲು ಕಾಲು ಶತಮಾನ ಹಿಡಿಯಿತು, ಅಷ್ಟೆ.

ಹೊರನಾಡಿನಲ್ಲಿ

ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ಕೆಟ್ಟ ಚಿತ್ರದೊಳಗಿನ ಒಳ್ಳೆಯ ಅಭಿನಯಕ್ಕೊಂದು ಸೂತ್ರವನ್ನೇ ಮಾಡಿದ್ದರು: ಹ್ಯಾರಿ ಡೀನ್ ಸ್ಟಾಂಟನ್ ಅಥವಾ ಎಂ. ಎಮೆಟ್ ವಾಲ್ಶ್ ಪೋಷಕ ಪಾತ್ರದಲ್ಲಿದ್ದರೆ ಆ ಚಿತ್ರ ಪೂರ್ತಿ ಕೆಟ್ಟಿರಲಾರದು. ಷೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದ ರೌಲ್ ಜೂಲಿಯಾ ತೀವ್ರ ಕಾಯಿಲೆಯ ನಡುವೆಯೂ, ವಿಡಿಯೋ ಗೇಮಿನಿಂದ ಹುಟ್ಟಿದ ‘ಸ್ಟ್ರೀಟ್ ಫೈಟರ್’ ಚಿತ್ರದ ಖಳನಾಗಿ ನಟಿಸಿದರು. 1994ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು, ಡಿಸೆಂಬರಿನಲ್ಲಿ ಚಿತ್ರ ತೆರೆಕಂಡಿತು. ಚಿತ್ರಕ್ಕೆ ಸಿಕ್ಕಿದ್ದು ಬೈಗುಳ, ಅವರ ಅಭಿನಯವನ್ನು ಜನ ಇಂದಿಗೂ ನೆನೆಯುತ್ತಾರೆ. 1991ರ ‘ರಾಬಿನ್ ಹುಡ್’ನಲ್ಲಿ ನಾಯಕ ಕೆವಿನ್ ಕಾಸ್ಟ್ನರ್‌ಗೆ ಅತಿ ಕೆಟ್ಟ ನಟನೆಂಬ ರಾಜಿ ಪ್ರಶಸ್ತಿ ಬಂದರೆ, ಖಳ ಅಲನ್ ರಿಕ್‌ಮನ್‌ಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. 2020ರ ‘ಹಿಲ್‌ಬಿಲಿ ಎಲಿಜಿ’ಯ ಒಂದೇ ಪಾತ್ರಕ್ಕೆ ಗ್ಲೆನ್ ಕ್ಲೋಸ್ ಆಸ್ಕರ್‌ಗೂ ರಾಜಿಗೂ ನಾಮನಿರ್ದೇಶನಗೊಂಡರು. ಚಿತ್ರದ ಮೇಲಿನ ಕೋಪ ನಟಿಯ ಮೇಲೂ ಹೇಗೆ ಬೀಳುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಜೊಳ್ಳನ್ನು ಬೇರ್ಪಡಿಸುವುದು

ಕೆಟ್ಟ ಚಿತ್ರದಲ್ಲಿ ಎದ್ದು ಕಂಡದ್ದೆಲ್ಲ ಒಳ್ಳೆಯ ಅಭಿನಯವಲ್ಲ. ಸುತ್ತ ಎಲ್ಲರೂ ಮಂಕಾಗಿದ್ದಾಗ ಕೂಗಾಡುವವನೂ ಹೊಳೆದಂತೆ ಕಾಣುತ್ತಾನೆ. ನಾನು ನೋಡುವುದು ಆ ನಟ ಮಾತಾಡದ ಗಳಿಗೆಯನ್ನು. ಬೇರೆಯವರ ಸಂಭಾಷಣೆ ನಡೆಯುವಾಗ ಅವನ ಮುಖದಲ್ಲಿ ಪಾತ್ರ ಬದುಕಿದೆಯೇ, ಅಥವಾ ತನ್ನ ಸರದಿಗಾಗಿ ಕಾದು ನಿಂತಿದ್ದಾನೆಯೇ? ಈ ಒಂದು ಪರೀಕ್ಷೆಯಲ್ಲಿ ಬಹಳ ಮಂದಿ ಸೋಲುತ್ತಾರೆ. ಬಾಲಕೃಷ್ಣ ಸೋಲುವುದಿಲ್ಲ.

ಉಳಿಯದ ರೀಲುಗಳು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಉಳಿದಿಲ್ಲ. ಆರ್. ನಾಗೇಂದ್ರರಾಯರ ರಾವಣ, ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು ಹೇಗಿದ್ದರು ಎಂದು ನಾವು ಇನ್ನೆಂದೂ ನೋಡಲಾರೆವು. ನಾಡಿನ ಹೆಮ್ಮೆಯ ಚಿತ್ರಕ್ಕೇ ಈ ಗತಿ ಬಂದಿರುವಾಗ, ಎರಡೇ ವಾರ ಓಡಿ ಟೂರಿಂಗ್ ಟಾಕೀಸುಗಳನ್ನು ಸುತ್ತಿ ಮೂಲೆಗೆ ಬಿದ್ದ ಸಾಮಾನ್ಯ ಚಿತ್ರಗಳನ್ನು ಕೇಳುವವರು ಯಾರು? ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಮೊದಲು ಕೈಬಿಡುವುದು ಕೆಟ್ಟ ಚಿತ್ರವನ್ನು, ಅದರ ಜೊತೆಯಲ್ಲಿ ಅದರೊಳಗಿನ ವಜ್ರಮುನಿಯನ್ನೂ ನರಸಿಂಹರಾಜುವನ್ನೂ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಚಿತ್ರದ ಹಾಡಿನ ಪುಸ್ತಕವೋ, ವಿಡಿಯೋ ಕ್ಯಾಸೆಟ್ಟೋ, ಊರ ಟೆಂಟಿನ ಪೋಸ್ಟರೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಚಿತ್ರ ಚೆನ್ನಾಗಿಲ್ಲ ಎಂಬ ಕಾರಣಕ್ಕಂತೂ ಹಾಕಲೇಬೇಡಿ.